ಕಾರ್ಡಿದೆ, ಪಟ್ಟಿಯಲ್ಲಿ ಹೆಸರಿದೆಯೇ?

ತಪ್ಪು ಕಲ್ಪನೆ: ವೋಟರ್ ಐಡಿ ಜೇಬಿನಲ್ಲಿದ್ದರೆ ವೋಟು ಹಾಕಬಹುದು.

ವಾಸ್ತವ: ಮತಗಟ್ಟೆಯಲ್ಲಿ ಮೊದಲು ಹುಡುಕುವುದು ಪಟ್ಟಿಯಲ್ಲಿ ನಿಮ್ಮ ಹೆಸರನ್ನು. ಅದಿಲ್ಲದಿದ್ದರೆ ಯಾವ ಕಾರ್ಡೂ ಉಪಯೋಗಕ್ಕೆ ಬಾರದು. ಹೆಸರಿದ್ದು ಕಾರ್ಡು ಕಳೆದಿದ್ದರೆ ಗಾಬರಿ ಬೇಡ. ಆಧಾರ್, ಪ್ಯಾನ್, ಡ್ರೈವಿಂಗ್ ಲೈಸೆನ್ಸ್, ಫೋಟೊ ಇರುವ ಬ್ಯಾಂಕ್ ಪಾಸ್‌ಬುಕ್, ನರೇಗಾ ಜಾಬ್ ಕಾರ್ಡ್, ಇವುಗಳಲ್ಲಿ ಒಂದು ಸಾಕು. ಅಸಲಿಗೆ ವೋಟರ್ ಐಡಿ ಬಂದದ್ದೇ 1993ರಲ್ಲಿ, ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಕಾಲಕ್ಕೆ. ಅದಕ್ಕೂ ಹಿಂದಿನ 40 ವರ್ಷ ಜನ ಕಾರ್ಡಿಲ್ಲದೆಯೇ ಸರ್ಕಾರಗಳನ್ನು ಏರಿಸಿ ಇಳಿಸಿದ್ದರು.

ತಪ್ಪು ಕಲ್ಪನೆ: ಹೆಸರಿಲ್ಲದಿದ್ದರೆ ಆಧಾರ್ ತೋರಿಸಿ ‘ಚಾಲೆಂಜ್ ವೋಟ್’ ಕೇಳಿದರಾಯಿತು.

ವಾಸ್ತವ: ಚುನಾವಣೆ ಬಂತೆಂದರೆ ಈ ವಾಟ್ಸ್‌ಆ್ಯಪ್ ಸಂದೇಶವೂ ಬಂತು. ಇದನ್ನು ನಂಬಿ ಸುಮ್ಮನೆ ಕೂತವರಿಗೇ ನಷ್ಟ. ಚಾಲೆಂಜ್ ಅನ್ನುವುದು ಮತದಾರನ ಹಕ್ಕಲ್ಲ. ‘ಬಂದಿರುವವನು ಆ ಮನುಷ್ಯನಲ್ಲ’ ಎಂದು ಅಭ್ಯರ್ಥಿಯ ಏಜೆಂಟ್ 2 ರೂಪಾಯಿ ಕಟ್ಟಿ ಎತ್ತುವ ತಕರಾರು. ನಿಮ್ಮ ಹೆಸರಲ್ಲಿ ಆಗಲೇ ಯಾರೋ ವೋಟು ಹಾಕಿ ಹೋಗಿದ್ದರೆ ಟೆಂಡರ್ಡ್ ವೋಟ್ ಕೇಳಬಹುದು. ಅದು ಯಂತ್ರದಲ್ಲಲ್ಲ, ಕಾಗದದ ಮತಪತ್ರದಲ್ಲಿ. ಲಕೋಟೆ ಸೇರುವ ಆ ಮತ ಮಾಮೂಲಿ ಎಣಿಕೆಗೆ ಬರುವುದಿಲ್ಲ. ಅಂಥವು ಶೇ 14 ದಾಟಿದರೆ ಮರುಮತದಾನ ಎನ್ನುವುದೂ ಕಟ್ಟುಕಥೆ.

ತಪ್ಪು ಕಲ್ಪನೆ: ಒಮ್ಮೆ ಸೇರಿದ ಹೆಸರು ಎಲ್ಲಿಗೂ ಹೋಗದು.

ವಾಸ್ತವ: 2023ರ ವಿಧಾನಸಭೆ ಚುನಾವಣೆಗೆ ಮುಂಚೆ ಕಲಬುರಗಿ ಜಿಲ್ಲೆಯ ಆಳಂದದಲ್ಲಿ ಹೆಸರು ತೆಗೆಯಿರೆಂದು ಆನ್‌ಲೈನ್‌ನಲ್ಲಿ 6,018 ಅರ್ಜಿ ಬಂದವು. ಪರಿಶೀಲಿಸಿದಾಗ ಸಾಚಾ ಅನಿಸಿದ್ದು 24! ಮಿಕ್ಕವು ತಿರಸ್ಕೃತವಾಗಿ ಪೊಲೀಸರವರೆಗೆ ದೂರು ಹೋಯಿತು. ಹೆಸರು ತೆಗೆಸುವ ಅರ್ಜಿ ನಮೂನೆ 7. ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಜೈಲು. ತೆಗೆಯುವ ಮುನ್ನ ನಿಮ್ಮ ಮಾತು ಕೇಳಬೇಕೆಂದು ಕಾನೂನೇನೋ ಇದೆ. ಆದರೆ ನೋಟಿಸು ನೀವು ಖಾಲಿ ಮಾಡಿದ ಬಾಡಿಗೆ ಮನೆಯ ಬಾಗಿಲು ಬಡಿದರೆ? ಮನೆ ಬದಲಿಸಿದವರು ನಮೂನೆ 8 ತುಂಬುವುದು ಇದಕ್ಕೇ.

ತಪ್ಪು ಕಲ್ಪನೆ: ಸೂರಿಲ್ಲದವರಿಗೆ ವೋಟಿಲ್ಲ.

ವಾಸ್ತವ: ಇದೆ. ಮಲಗುವ ಜಾಗವನ್ನು ಹೆಸರು ಸೇರಿಸುವ ಅರ್ಜಿ ನಮೂನೆ 6ರಲ್ಲಿ ಬರೆದರೆ ಮತಗಟ್ಟೆ ಮಟ್ಟದ ಅಧಿಕಾರಿ ಬಿಎಲ್‌ಒ ರಾತ್ರಿ ಹೊತ್ತು ಬಂದು ಖಾತರಿ ಮಾಡಿಕೊಳ್ಳಬೇಕು. ವಿಳಾಸದ ದಾಖಲೆ ಬೇಕಿಲ್ಲ.

ತಪ್ಪು ಕಲ್ಪನೆ: 18 ತುಂಬಿದವರು ಜನವರಿವರೆಗೆ ಕಾಯಬೇಕು.

ವಾಸ್ತವ: 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ 1ನೇ ತಾರೀಕುಗಳೆಲ್ಲ ಲೆಕ್ಕಕ್ಕಿವೆ.

ತಪ್ಪು ಕಲ್ಪನೆ: ಪಟ್ಟಿಯಿಂದ ಹೆಸರು ಬಿಡುವುದು ಈಚಿನ ರೋಗ.

ವಾಸ್ತವ: ಮೊದಲ ಸಾರ್ವತ್ರಿಕ ಚುನಾವಣೆಯ ಪಟ್ಟಿ ಬರೆಯುವಾಗ ಎಷ್ಟೋ ಹೆಂಗಸರು ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅದನ್ನು ಒಪ್ಪಲಿಲ್ಲ. ಸ್ವಂತ ಹೆಸರು ಕೊಡದ ಸುಮಾರು 28 ಲಕ್ಷ ಹೆಂಗಸರು ಹೊರಗುಳಿದರು. ಗದ್ದಲವೆದ್ದಾಗ ಸೇನ್ ಬೇಸರಪಡಲಿಲ್ಲ, ಮುಂದಿನ ಚುನಾವಣೆಯ ಹೊತ್ತಿಗೆ ಈ ಸಂಕೋಚ ಬಿಟ್ಟೀತು ಎಂದುಕೊಂಡರು. ಆ ಸಲದ 28 ಲಕ್ಷ ವೋಟು ಮಾತ್ರ ಹೋದದ್ದು ಹೋದದ್ದೇ.