ಎಷ್ಟು ಹೊತ್ತು ಅಂತ ಕಾಯೋದು?

ಹೋದ ವರ್ಷ ಒಂದು ಶುಕ್ರವಾರ. ರಾತ್ರಿ ಹತ್ತೂವರೆಗೆ ಊಟ ಮುಗಿಸಿ ಕೈ ತೊಳೀತಿದ್ದೆ, ಫೋನ್ ಬಡ್ಕೊಳ್ತು. ಆ ವಾರ ಆನ್‌ಕಾಲ್ ಡ್ಯೂಟಿ ನನ್ನದು. "ಸೈಟ್ ಓಪನ್ ಆಗ್ತಿಲ್ಲ, ಬೇಗ ನೋಡು" ಅಂದ್ರು ಮ್ಯಾನೇಜರ್.

ಲ್ಯಾಪ್‌ಟಾಪ್ ತೆರೆದು ನೋಡಿದರೆ ಸರ್ವರ್ ಸತ್ತಿರಲಿಲ್ಲ. ಸಿಪಿಯು ಆರಾಮಾಗಿತ್ತು, ಮೆಮೊರಿ ಖಾಲಿ ಬಿದ್ದಿತ್ತು. ಲಾಗ್‌ನಲ್ಲಿ ಒಂದೇ ಒಂದು ಎರರ್ ಇಲ್ಲ. ಆದರೂ ಯಾರಿಗೂ ಪೇಜ್ ಬರ್ತಿಲ್ಲ. ಒಂದು ಗಂಟೆ ತಡಕಾಡಿದ ಮೇಲೆ ಗೊತ್ತಾಯ್ತು: ನಮ್ಮ ಪೈಥಾನ್ ಕೋಡ್ ಇನ್ನೊಂದು ಸರ್ವಿಸ್‌ನ ಉತ್ತರಕ್ಕೆ ಕಾಯ್ತಾ ಕೂತಿತ್ತು. ಆ ಸರ್ವಿಸ್ ಕನೆಕ್ಷನ್ ತಗೊಂಡು ಸುಮ್ಮನಾಗಿತ್ತು. ನಮ್ಮ 40 ವರ್ಕರ್‌ಗಳೂ ಒಂದರ ಹಿಂದೆ ಒಂದು ಅಲ್ಲೇ ಕೂತಿದ್ದವು. ಕಾಯುವುದು ತಪ್ಪಲ್ಲವಲ್ಲ, ಹಾಗಾಗಿ ಎರರ್ ಕೂಡ ಬಂದಿರಲಿಲ್ಲ.

ಆ ಸಾಲು ಬರೆದವರು ಯಾರು ಅಂತ ಹಿಸ್ಟರಿ ತೆಗೆದು ನೋಡಿದೆ. ನಾನೇ, ಎರಡು ವರ್ಷದ ಹಿಂದೆ.

ಲೈಬ್ರರಿ ನಿಮ್ಮ ಪರವಾಗಿ ಯೋಚಿಸಲ್ಲ

ಪೈಥಾನ್‌ನ ರಿಕ್ವೆಸ್ಟ್ಸ್ ಲೈಬ್ರರಿಯನ್ನು ಬಳಸದವರು ಕಡಿಮೆ. ಅದಕ್ಕೆ ನಾವಾಗಿ ಟೈಮ್‌ಔಟ್ ಹೇಳದಿದ್ದರೆ ಅದು ಕಾಯುತ್ತಲೇ ಇರುತ್ತದೆ. ಬ್ರೌಸರ್‌ನ ಫೆಚ್‌ಗೂ ತನ್ನದೇ ಟೈಮ್‌ಔಟ್ ಆಯ್ಕೆ ಇಲ್ಲ, ಅಬಾರ್ಟ್ ಸಿಗ್ನಲ್ ಅನ್ನು ನಾವೇ ಕೊಡಬೇಕು. ಜಿಆರ್‌ಪಿಸಿಯಲ್ಲೂ ಸಾಮಾನ್ಯವಾಗಿ ಡೆಡ್‌ಲೈನ್ ಅನ್ನು ನಾವೇ ಹಾಕಬೇಕು.

ಹಾಕಿದರೂ ಒಂದು ಮೋಸ ಇದೆ. ರಿಕ್ವೆಸ್ಟ್ಸ್‌ನಲ್ಲಿ ಟೈಮ್‌ಔಟ್ 10 ಅಂತ ಬರೆದರೆ ಇಡೀ ಕೆಲಸ 10 ಸೆಕೆಂಡಿನಲ್ಲಿ ಮುಗಿಯುತ್ತದೆ ಅಂತಲ್ಲ. ಕನೆಕ್ಷನ್ ಸಿಗಲು 10 ಸೆಕೆಂಡ್, ಆಮೇಲೆ ಡೇಟಾದ ಒಂದು ತುಣುಕಿಗೂ ಇನ್ನೊಂದಕ್ಕೂ ನಡುವೆ 10 ಸೆಕೆಂಡ್. ಆ ಕಡೆಯವರು ಒಂಬತ್ತು ಸೆಕೆಂಡಿಗೊಮ್ಮೆ ಒಂದೊಂದು ಹನಿ ಬಿಡುತ್ತಿದ್ದರೆ ನೀವು ಬೆಳಗಿನವರೆಗೂ ಕಾಯಬಹುದು!

ಮುಹೂರ್ತ ಒಂದೇ

ಟೈಮ್‌ಔಟ್‌ಗೂ ಡೆಡ್‌ಲೈನ್‌ಗೂ ಇರುವ ವ್ಯತ್ಯಾಸ ನನಗೆ ಅರ್ಥವಾಗಿದ್ದು ಕಸಿನ್ ಮದುವೆ ನೆನೆಸಿಕೊಂಡಾಗ. ಸ್ನಾನಕ್ಕೆ 20 ನಿಮಿಷ, ತಿಂಡಿಗೆ 20 ನಿಮಿಷ, ದಾರಿಗೆ 40 ನಿಮಿಷ ಅಂತ ಎಲ್ಲರೂ ತಮ್ಮ ತಮ್ಮ ಲೆಕ್ಕ ಹಾಕಿದ್ದರು. ಯಾರೂ ತಮ್ಮ ಲೆಕ್ಕ ಮೀರಲಿಲ್ಲ. ಆದರೂ ಮಂಟಪಕ್ಕೆ ಹೋದಾಗ ಧಾರೆ ಮುಗಿದಿತ್ತು. ಮುಹೂರ್ತ 10.30ಕ್ಕೆ ಅಂತ ಹಿಂದಿನಿಂದ ಲೆಕ್ಕ ಹಾಕಿದವರು ಒಬ್ಬರೂ ಇರಲಿಲ್ಲ.

ಕೋಡ್‌ನಲ್ಲೂ ಅಷ್ಟೇ. ಒಂದು ಕರೆಗೆ 10 ಸೆಕೆಂಡ್ ಕೊಟ್ಟು, ಮೂರು ಸಲ ಪ್ರಯತ್ನಿಸಿದರೆ 30 ಸೆಕೆಂಡ್ ಆಯ್ತು. ಬಳಕೆದಾರ ಐದನೇ ಸೆಕೆಂಡಿಗೇ ಆ್ಯಪ್ ಮುಚ್ಚಿ ಹೋಗಿರುತ್ತಾನೆ. ಗೋ ಭಾಷೆಯ ಕಾಂಟೆಕ್ಸ್ಟ್ ಇದನ್ನು ಚೆನ್ನಾಗಿ ನಿಭಾಯಿಸುತ್ತದೆ. ಮೇಲೆ ಒಮ್ಮೆ ಡೆಡ್‌ಲೈನ್ ಹಾಕಿದರೆ, ಅದರಿಂದ ಹುಟ್ಟಿದ ಕಾಂಟೆಕ್ಸ್ಟ್‌ಗಳೆಲ್ಲ ಅದೇ ಮುಹೂರ್ತಕ್ಕೆ ಬದ್ಧ. ಮಕ್ಕಳು ಅದನ್ನು ಕಡಿಮೆ ಮಾಡಬಹುದು, ಹೆಚ್ಚಿಸುವಂತಿಲ್ಲ. ಪೈಥಾನ್‌ನಲ್ಲಿ 2022ರಲ್ಲಿ ಬಂದ 3.11 ಆವೃತ್ತಿಯಿಂದ ಅಸಿಂಕ್‌ಐಒಗೂ ಇಂಥದ್ದೇ ಟೈಮ್‌ಔಟ್ ಬ್ಲಾಕ್ ಸೇರಿದೆ.

ಯಾವ ಗಡಿಯಾರ?

ಗೋಡೆ ಗಡಿಯಾರ ನೋಡಿ ಕೌಂಟ್‌ಡೌನ್ ಲೆಕ್ಕ ಹಾಕಬಾರದು. ಯಾಕೆಂದರೆ ಅದನ್ನು ಯಾರಾದರೂ ಹಿಂದೆ ಮುಂದೆ ತಿರುಗಿಸಬಹುದು. 2016 ಮುಗಿದು 2017 ಶುರುವಾಗುವಾಗ, ನಮ್ಮಲ್ಲಿ ಬೆಳಗಿನ 5.30ರ ಸಮಯ, ಜಗತ್ತಿನ ಗಡಿಯಾರಕ್ಕೆ ಒಂದು ಲೀಪ್ ಸೆಕೆಂಡ್ ಸೇರಿತು. ಕ್ಲೌಡ್‌ಫ್ಲೇರ್‌ನ ಡಿಎನ್‌ಎಸ್ ಸಾಫ್ಟ್‌ವೇರ್ ಆಗ ಎರಡು ಸಮಯಗಳನ್ನು ಕಳೆದು ನೋಡಿದರೆ ಉತ್ತರ ಸೊನ್ನೆಗಿಂತ ಕಡಿಮೆ ಬಂತು. ಅದು ಆಗಲು ಸಾಧ್ಯವೇ ಇಲ್ಲ ಅಂತ ನಂಬಿದ್ದ ಕೋಡ್ ಮುಗ್ಗರಿಸಿತು. ಅದೇ ವರ್ಷ ಆಗಸ್ಟ್‌ನಲ್ಲಿ ಬಂದ ಗೋ 1.9, ಸಮಯದ ಜೊತೆ ಹಿಂದಕ್ಕೆ ಹೋಗದ ಮೊನೊಟಾನಿಕ್ ಗಡಿಯಾರವನ್ನೂ ಇಟ್ಟುಕೊಳ್ಳತೊಡಗಿತು. ಪೈಥಾನ್‌ನಲ್ಲಿ ಟೈಮ್ ಮಾಡ್ಯೂಲಿನ ಮೊನೊಟಾನಿಕ್, ಜಾವಾದಲ್ಲಿ ನ್ಯಾನೊಟೈಮ್ ಇರುವುದು ಇದಕ್ಕೇ.

ಪರದೆ ಮೇಲಿನ ಕೌಂಟ್‌ಡೌನ್‌ಗೆ ಇನ್ನೊಂದು ಮಾತು. ಸೆಕೆಂಡಿಗೊಮ್ಮೆ ಒಂದು ಕಳೆಯುತ್ತಾ ಹೋಗಬೇಡಿ. ಬಳಕೆದಾರ ಓಟಿಪಿ ನೋಡಲು ಮೆಸೇಜ್‌ಗೆ ಹೋದರೆ, ಹಿಂದೆ ಉಳಿದ ಪೇಜಿನ ಟೈಮರ್ ನಿಧಾನವಾಗುತ್ತದೆ, ಕೆಲವೊಮ್ಮೆ ನಿಂತೇಹೋಗುತ್ತದೆ. ವಾಪಸ್ ಬಂದಾಗ ಇನ್ನೆಷ್ಟು ಉಳಿದಿದೆ ಅಂತ ಸರ್ವರನ್ನೇ ಕೇಳಿ.

"ಆಗಲಿಲ್ಲ" ಅಲ್ಲ, "ಗೊತ್ತಾಗಲಿಲ್ಲ"

ಊರಲ್ಲಿ ಅಪ್ಪ ಒಮ್ಮೆ ಒಂದು ಆ್ಯಪ್‌ನಲ್ಲಿ ಕರೆಂಟ್ ಬಿಲ್ ಕಟ್ಟಿದರು. ಟೈಮ್‌ಔಟ್ ಅಂತ ಬಂತು. ಮತ್ತೆ ಕಟ್ಟಿದರು. ಎರಡೂ ಸಲ ದುಡ್ಡು ಹೋಯಿತು. "ನಿಮ್ಮ ಕಂಪ್ಯೂಟರ್‌ನವರಿಗೆ ಒಂದ್ಸಲ ಕಟ್ಟಿದ್ದು ನೆನಪಿರಲ್ವೇನೋ?" ಅಂತ ನನ್ನನ್ನೇ ಬೈದರು. ಅವರು ಕೇಳಿದ್ದು ಸರಿಯಾಗೇ ಇತ್ತು. ಟೈಮ್‌ಔಟ್ ಅಂದರೆ ಕೆಲಸ ಆಗಲಿಲ್ಲ ಅಂತಲ್ಲ, ಆಯಿತೋ ಇಲ್ಲವೋ ನಮಗೆ ಗೊತ್ತಾಗಲಿಲ್ಲ ಅಂತ. ಅದಕ್ಕೇ ಹಣದ ಪ್ರತಿ ಕೋರಿಕೆಗೂ ಒಂದು ಗುರುತಿನ ಸಂಖ್ಯೆ ಕೊಟ್ಟು, ಮತ್ತೆ ಪ್ರಯತ್ನಿಸುವಾಗ ಅದನ್ನೇ ಕಳಿಸಬೇಕು. ಆಗ ಆ ಕಡೆಯ ಸರ್ವರ್ "ಇದು ಆಗಲೇ ಆಗಿದೆ" ಅಂತ ಗುರುತು ಹಿಡಿಯುತ್ತದೆ.

ಆ ಶುಕ್ರವಾರ ರಾತ್ರಿ ನಾನು ಮಾಡಿದ ರಿಪೇರಿ ಒಂದೇ ಸಾಲಿನದ್ದು. ಸೋಮವಾರದ ಮೀಟಿಂಗ್‌ನಲ್ಲಿ "ಅದು ನಾನೇ ಬರೆದದ್ದು" ಅಂತ ಹೇಳುವುದಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಆಮೇಲೆ ಟೀಮಿನವರೆಲ್ಲ ಕೂತು, ಸರ್ವಿಸ್ ನಿಜವಾಗಿ ಎಷ್ಟು ಹೊತ್ತು ತಗೊಳ್ಳುತ್ತೆ ಅಂತ ಅಳೆದು ನೋಡಿ, ಇಡೀ ಕರೆಗೆ ಮೂರು ಸೆಕೆಂಡಿನ ಡೆಡ್‌ಲೈನ್ ಇಟ್ಟೆವು. ಉತ್ತರ ಬಾರದಿದ್ದರೆ ಪೇಜಿನ ಆ ಒಂದು ಭಾಗದಲ್ಲಿ "ಈ ಮಾಹಿತಿ ಈಗ ಸಿಗುತ್ತಿಲ್ಲ" ಅಂತ ತೋರಿಸಿ, ಉಳಿದದ್ದನ್ನು ಕೊಡುವುದು.

ಮುಂದಿನ ತಿಂಗಳು ಅದೇ ಸರ್ವಿಸ್ ಮತ್ತೆ ಸುಮ್ಮನಾಯಿತು, ಅದೂ ರಾತ್ರಿ ಹೊತ್ತು. ಫೋನ್ ಬರಲಿಲ್ಲ. ನನಗೆ ವಿಷಯ ಗೊತ್ತಾಗಿದ್ದು ಬೆಳಿಗ್ಗೆ ಕಾಫಿ ಕುಡೀತಾ ಲಾಗ್ ನೋಡಿದಾಗ.