ಒಂದು ಮಿಲಿಮೀಟರಿನ ಅಂತರ

ಮಲದಲ್ಲಿ ರಕ್ತ ಕಂಡರೆ ನಮ್ಮ ಕಡೆ ಮೊದಲು ಬರುವ ಮಾತು ‘ಉಷ್ಣ ಆಗಿದೆ’. ಎರಡನೆಯದು ‘ಮೂಲವ್ಯಾಧಿ ಇರಬೇಕು’. ಚನ್ನಗಿರಿಯ ತೋಟದವರು ಅಡಿಕೆ ಕೊಯ್ಲು ಮುಗಿಯಲಿ ಎನ್ನುತ್ತಾರೆ. ಜಗಳೂರಿನ ರೈತರು ಮೆಕ್ಕೆಜೋಳ ಮಾರಿದ ಮೇಲೆ ನೋಡೋಣ ಎನ್ನುತ್ತಾರೆ. ಅಲ್ಲಿಯವರೆಗೆ ಎಳನೀರು, ಮಜ್ಜಿಗೆ, ಮೆಡಿಕಲ್ ಶಾಪಿನವರು ಕೊಟ್ಟ ಮುಲಾಮು. ಹೆಚ್ಚಿನವರ ವಿಷಯದಲ್ಲಿ ಊಹೆ ನಿಜವೇ ಆಗಿರುತ್ತದೆ, ರಕ್ತವೂ ನಿಲ್ಲುತ್ತದೆ. ಯಾರಿಗೆ ನಿಲ್ಲುವುದಿಲ್ಲವೋ ಅವರ ಸಂಖ್ಯೆ ಮುಂದಿನ ವರ್ಷಗಳಲ್ಲಿ ಹೆಚ್ಚಲಿದೆ. ಸೂಳೆಕೆರೆಯ ಸುತ್ತಣ ಊರುಗಳಾಗಲಿ, ಹೊನ್ನಾಳಿ, ನ್ಯಾಮತಿಗಳಾಗಲಿ ಇದಕ್ಕೆ ಹೊರತಲ್ಲ.

ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು ತಮ್ಮಲ್ಲಿಗೆ ಬಂದ 800 ಮಂದಿ ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್ ರೋಗಿಗಳ ವಿವರವನ್ನು 2017ರಲ್ಲಿ ಪ್ರಕಟಿಸಿದರು. ಅವರ ಸರಾಸರಿ ವಯಸ್ಸು 47. ಅಮೆರಿಕದಲ್ಲಿ ಈ ರೋಗ ಹೆಚ್ಚಾಗಿ ಅರವತ್ತು ದಾಟಿದವರ ಕಾಯಿಲೆ. ನಮ್ಮ ಜನಸಂಖ್ಯೆಯೇ ಎಳೆಯದು, ದೊಡ್ಡ ಆಸ್ಪತ್ರೆಗೆ ದೂರದಿಂದ ಬರುವವರಲ್ಲಿ ಕಿರಿಯರೇ ಹೆಚ್ಚು ಎಂದು ಸ್ವಲ್ಪ ಕಳೆದು ನೋಡಿದರೂ ಉಳಿಯುವ ವ್ಯತ್ಯಾಸ ಸಣ್ಣದಲ್ಲ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕಾಣಿಸಿಕೊಂಡ ಲಕ್ಷಣ ರಕ್ತಸ್ರಾವ. ನಲವತ್ತರ ಆಸುಪಾಸಿನವರ ರಕ್ತಸ್ರಾವವನ್ನು ವಯಸ್ಸು ನೋಡಿಯೇ ಮೂಲವ್ಯಾಧಿ ಎಂದು ಬರೆದುಬಿಡುವ ಅಭ್ಯಾಸ ಎಷ್ಟು ಅಪಾಯದ್ದು ಎಂಬುದಕ್ಕೆ ಇಷ್ಟು ಸಾಕು.

2022ರ ಅಂದಾಜಿನಂತೆ ಜಗತ್ತಿನಲ್ಲಿ ಆ ವರ್ಷ 19 ಲಕ್ಷಕ್ಕೂ ಹೆಚ್ಚು ಜನರಿಗೆ ಈ ಕ್ಯಾನ್ಸರ್ ಬಂದಿತು, ಭಾರತದಲ್ಲಿ ಸುಮಾರು 70,000 ಮಂದಿಗೆ. 2040ರ ಹೊತ್ತಿಗೆ ಜಗತ್ತಿನ ಸಂಖ್ಯೆ 32 ಲಕ್ಷಕ್ಕೆ ಏರಬಹುದು ಎನ್ನುತ್ತದೆ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಲೆಕ್ಕ. ಇತ್ತ ನಮ್ಮ ರಾಷ್ಟ್ರೀಯ ಕಾರ್ಯಕ್ರಮ ಮೂವತ್ತು ದಾಟಿದವರಲ್ಲಿ ತಪಾಸಣೆ ಮಾಡುವುದು ಬಾಯಿ, ಸ್ತನ, ಗರ್ಭಕಂಠ ಎಂಬ ಮೂರೇ ಕ್ಯಾನ್ಸರುಗಳಿಗೆ. ಕರುಳು ಆ ಪಟ್ಟಿಯಲ್ಲಿಲ್ಲ. ಅಂದರೆ ಲಕ್ಷಣ ಕಂಡ ಮೇಲೆ ನಾವೇ ಎಚ್ಚೆತ್ತುಕೊಳ್ಳುವುದೊಂದೇ ದಾರಿ. ಆ ಲಕ್ಷಣಕ್ಕೇ ನಾವು ಉಷ್ಣ ಎಂದು ಹೆಸರಿಟ್ಟಿದ್ದೇವೆ.

ರೋಗ ಪತ್ತೆಯಾಗುವುದು ಎಂಆರ್‌ಐಯಿಂದಲ್ಲ. ವೈದ್ಯರು ಕೈಗವಸು ಹಾಕಿ ಬೆರಳಿನಿಂದ ಮಾಡುವ ಎರಡು ನಿಮಿಷದ ಪರೀಕ್ಷೆ, ಆಮೇಲೆ ಕೊಲೊನೊಸ್ಕೋಪಿ, ಅದರಲ್ಲಿ ತೆಗೆದ ಚೂರಿನ ಬಯಾಪ್ಸಿ: ಪತ್ತೆಯ ದಾರಿ ಇದು. ಮೊದಲನೆಯದಕ್ಕೆ ತಾಲ್ಲೂಕು ಆಸ್ಪತ್ರೆಯೇ ಸಾಕು, ಖರ್ಚೇನೂ ಇಲ್ಲ. ನಾಚಿಕೆಯಿಂದ ಅದು ತಪ್ಪಿಹೋಗುತ್ತದೆ. ರೋಗಿಯ ನಾಚಿಕೆ ಎಷ್ಟೋ, ವೈದ್ಯರ ಅವಸರವೂ ಅಷ್ಟೇ. ಎಂಆರ್‌ಐ ಬೇಕಾಗುವುದು ಇಷ್ಟೆಲ್ಲ ಆದ ಮೇಲೆ, ಗಡ್ಡೆ ಗುದನಾಳದಲ್ಲಿದ್ದರೆ, ಕತ್ತರಿ ಹಾಕುವ ಮುಂಚೆ.

ಗುದನಾಳ ದೊಡ್ಡ ಕರುಳಿನ ಕೊನೆಯ ಸುಮಾರು 15 ಸೆಂಟಿಮೀಟರ್ ಭಾಗ. ಸೊಂಟದ ಮೂಳೆಗಳ ಇಕ್ಕಟ್ಟಿನಲ್ಲಿ, ಗಂಡಸರಲ್ಲಿ ಪ್ರಾಸ್ಟೇಟಿಗೆ, ಹೆಂಗಸರಲ್ಲಿ ಗರ್ಭಕೋಶಕ್ಕೆ ತಾಗಿಕೊಂಡಂತಿದೆ. ಅದರ ಸುತ್ತ ಕೊಬ್ಬಿನ ಹೊದಿಕೆ, ಅದರೊಳಗೆ ದುಗ್ಧಗ್ರಂಥಿಗಳು ಮತ್ತು ರಕ್ತನಾಳಗಳು, ಹೊರಗೆ ಒಂದು ತೆಳುವಾದ ಪೊರೆ. ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್ ಊರಿನ ಶಸ್ತ್ರವೈದ್ಯ ಬಿಲ್ ಹೀಲ್ಡ್ 1982ರಲ್ಲಿ, ಈ ಪೊರೆ ಹರಿಯದಂತೆ ಹೊದಿಕೆ ಸಮೇತ ಇಡಿಯಾಗಿ ಬಿಡಿಸಿ ತೆಗೆದರೆ ರೋಗ ಅದೇ ಜಾಗದಲ್ಲಿ ಮರುಕಳಿಸುವುದು ಬಹಳ ಕಡಿಮೆಯಾಗುತ್ತದೆ ಎಂದು ತೋರಿಸಿದರು. ಆದರೆ ಗಡ್ಡೆ ಆಗಲೇ ಪೊರೆಯನ್ನು ಮುಟ್ಟಿದ್ದರೆ? ಸೂಳೆಕೆರೆಯ ಏರಿಯ ಮೇಲೆ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆರೆಯಲ್ಲಿ ಎಷ್ಟು ನೀರಿದೆ ಎಂಬುದಕ್ಕಿಂತ ಅದು ಏರಿಯ ತಲೆಗೆ ಎಷ್ಟು ಸಮೀಪ ಬಂದಿದೆ ಎಂಬುದೇ ಕೆಳಗಿನ ಊರುಗಳಿಗೆ ಮುಖ್ಯ. ಗಡ್ಡೆ ಮತ್ತು ಪೊರೆಯ ನಡುವೆ ಒಂದು ಮಿಲಿಮೀಟರ್‌ಗಿಂತ ಹೆಚ್ಚು ಜಾಗ ಉಳಿದಿದೆಯೇ ಎಂಬುದರ ಮೇಲೆ ಚಿಕಿತ್ಸೆಯ ಕ್ರಮವೇ ಬದಲಾಗುತ್ತದೆ. ಇದ್ದರೆ ನೇರ ಶಸ್ತ್ರಚಿಕಿತ್ಸೆ ಸಾಧ್ಯ. ಇಲ್ಲದಿದ್ದರೆ ಮೊದಲು ರೇಡಿಯೇಷನ್ ಮತ್ತು ಕೀಮೋ ಕೊಟ್ಟು ಗಡ್ಡೆಯನ್ನು ಕುಗ್ಗಿಸಬೇಕು.

ಆ ಮಿಲಿಮೀಟರನ್ನು ಸಿ.ಟಿ. ಸ್ಕ್ಯಾನ್ ನೆಚ್ಚುವ ಹಾಗೆ ತೋರಿಸಲಾರದು, ಎಂಆರ್‌ಐ ತೋರಿಸುತ್ತದೆ. ಯುರೋಪಿನ 11 ಆಸ್ಪತ್ರೆಗಳ 408 ರೋಗಿಗಳನ್ನು ಒಳಗೊಂಡ ‘ಮರ್ಕ್ಯುರಿ’ ಅಧ್ಯಯನ 2006ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಶಸ್ತ್ರಚಿಕಿತ್ಸೆಯ ನಂತರ ಸೂಕ್ಷ್ಮದರ್ಶಕದಡಿ ಅಂಚು ಸ್ವಚ್ಛ ಎಂದು ಖಚಿತವಾದವರಲ್ಲಿ ಶೇ 92 ಮಂದಿಯ ವಿಷಯವನ್ನು ಎಂಆರ್‌ಐ ಮೊದಲೇ ಸರಿಯಾಗಿ ಹೇಳಿತ್ತು. 2014ರಲ್ಲಿ ಅದೇ ತಂಡ ಐದು ವರ್ಷದ ಫಲಿತಾಂಶ ಕೊಟ್ಟಿತು. ಎಂಆರ್‌ಐಯಲ್ಲಿ ಅಂಚು ಸ್ವಚ್ಛವಾಗಿ ಕಂಡವರಲ್ಲಿ ಶೇ 62 ಮಂದಿ ಬದುಕಿದ್ದರು. ಗಡ್ಡೆ ಪೊರೆಯನ್ನು ಮುಟ್ಟಿದ್ದವರಲ್ಲಿ ಶೇ 42. ರೋಗಿ ಇನ್ನೂ ಆಪರೇಷನ್ ಥಿಯೇಟರಿನ ಹೊರಗೆ ಕುಳಿತಿರುವಾಗಲೇ ಚಿತ್ರ ಇಷ್ಟನ್ನು ಹೇಳುತ್ತದೆ.

ಪೊರೆಯೊಂದೇ ಅಲ್ಲ. ಗಡ್ಡೆ ಕರುಳಿನ ಗೋಡೆ ದಾಟಿ ಪಕ್ಕದ ರಕ್ತನಾಳಕ್ಕೆ ಇಳಿದಿದೆಯೇ ಎಂಬುದೂ ಎಂಆರ್‌ಐಯಲ್ಲಿ ಕಾಣುತ್ತದೆ. 2008ರ ಒಂದು ಬ್ರಿಟಿಷ್ ಅಧ್ಯಯನದಲ್ಲಿ ಹಾಗೆ ಇಳಿದಿದ್ದವರ ಪೈಕಿ ಮೂರು ವರ್ಷ ರೋಗ ಮರಳದೆ ಉಳಿದವರು ಶೇ 35, ಇಳಿಯದಿದ್ದವರ ಪೈಕಿ ಶೇ 74. ರೇಡಿಯೇಷನ್ ಮುಗಿದ ಮೇಲೆ ಮತ್ತೊಮ್ಮೆ ತೆಗೆದ ಎಂಆರ್‌ಐ ಇನ್ನೂ ನಿಷ್ಠುರ: ಗಡ್ಡೆ ಚೆನ್ನಾಗಿ ಕರಗಿ ಗಾಯದ ಕಲೆಯಂತೆ ಕಂಡವರಲ್ಲಿ ಐದು ವರ್ಷ ಬದುಕಿದವರು ಶೇ 72, ಕರಗದವರಲ್ಲಿ ಶೇ 27 ಎಂದು 2011ರ ವರದಿ ಹೇಳಿತು. ಚೆನ್ನಾಗಿ ಕರಗಿದವರಿಗೆ ಇನ್ನೊಂದು ಬಾಗಿಲೂ ತೆರೆದಿದೆ. ಬ್ರೆಜಿಲ್‌ನ ಸಾವೊ ಪೌಲೊದ ಶಸ್ತ್ರವೈದ್ಯೆ ಏಂಜೆಲಿಟಾ ಹಬರ್-ಗಾಮಾ 2004ರಲ್ಲಿ, ಗಡ್ಡೆ ಪೂರ್ತಿ ಮಾಯವಾದವರಿಗೆ ಕತ್ತರಿ ಹಾಕದೆ ಕಾದು ನೋಡಬಹುದು ಎಂದಾಗ ಹಲವರು ಹುಬ್ಬೇರಿಸಿದ್ದರು. 2022ರಲ್ಲಿ ಪ್ರಕಟವಾದ ‘ಒಪ್ರಾ’ ಪ್ರಯೋಗದಲ್ಲಿ ರೇಡಿಯೇಷನ್ ಮೊದಲು, ಕೀಮೋ ನಂತರ ಪಡೆದ ಗುಂಪಿನ ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಮೂರು ವರ್ಷದ ನಂತರವೂ ತಮ್ಮ ಗುದನಾಳವನ್ನು ಉಳಿಸಿಕೊಂಡಿದ್ದರು. ಹೊಟ್ಟೆಗೆ ಮಲದ ಚೀಲ ಕಟ್ಟಿಕೊಂಡು ಗದ್ದೆ ಕೆಲಸ ಮಾಡಬೇಕಾದವರಿಗೆ ಇದರ ಬೆಲೆ ಗೊತ್ತು. ಆದರೆ ಕಾದು ನೋಡುವುದು ಎಂದರೆ ಸುಮ್ಮನಿರುವುದಲ್ಲ. ಹಾಗೆ ಕಾದ 880 ಮಂದಿಯ ಅಂತಾರಾಷ್ಟ್ರೀಯ ದಾಖಲೆಯಲ್ಲಿ ಎರಡು ವರ್ಷದೊಳಗೆ ಕಾಲುಭಾಗ ಜನರಲ್ಲಿ ಗಡ್ಡೆ ಮತ್ತೆ ಮೊಳೆತಿತ್ತು. ಕೆಲವೇ ತಿಂಗಳಿಗೊಮ್ಮೆ ಸ್ಕೋಪ್ ಮತ್ತು ಎಂಆರ್‌ಐಗೆ ತಪ್ಪದೆ ಬರುವ ರೋಗಿಗಷ್ಟೇ ಇದು ಚಿಕಿತ್ಸೆ. ಬಾರದವರಿಗೆ ಅದು ಬರಿಯ ಜೂಜು.

ನನ್ನ ಆತಂಕವಿರುವುದು ಇಲ್ಲಿ. ದಾವಣಗೆರೆಯಲ್ಲೂ ಶಿವಮೊಗ್ಗದಲ್ಲೂ ಎಂಆರ್‌ಐ ಯಂತ್ರಗಳಿವೆ. ಯಂತ್ರವಿದ್ದ ಮಾತ್ರಕ್ಕೆ ಆ ಮಿಲಿಮೀಟರ್ ಕಾಣುವುದಿಲ್ಲ. ‘ಹೊಟ್ಟೆಯ ಕೆಳಭಾಗದ ಎಂಆರ್‌ಐ’ ಎಂದಷ್ಟೇ ಬರೆದ ಚೀಟಿಗೆ ಬರುವ ಸಾಮಾನ್ಯ ಚಿತ್ರ ಈ ಕೆಲಸಕ್ಕೆ ಬಾರದು. ಸುಮಾರು 3 ಮಿಲಿಮೀಟರ್ ದಪ್ಪದ ಪದರಗಳು ಬೇಕು, ಅವು ಗಡ್ಡೆ ಇರುವ ಕರುಳಿನ ದಿಕ್ಕಿಗೆ ಲಂಬವಾಗಿರಬೇಕು. ಓರೆಯಾಗಿ ತೆಗೆದರೆ ಗೋಡೆಯೊಳಗಿನ ಗಡ್ಡೆ ಗೋಡೆ ದಾಟಿದಂತೆ ಕಾಣುತ್ತದೆ. ಚುಚ್ಚುಮದ್ದಿನ ಬಣ್ಣದ ಔಷಧ ಇದಕ್ಕೆ ಕಡ್ಡಾಯವಲ್ಲ, 1.5 ಟೆಸ್ಲಾ ಯಂತ್ರ ಧಾರಾಳವಾಗಿ ಸಾಲುತ್ತದೆ. ಎಲ್ಲಕ್ಕಿಂತ ಮೊದಲು ಗಡ್ಡೆ ಎಲ್ಲಿದೆ ಎಂದು ಚೀಟಿಯಲ್ಲಿ ಬರೆದು ಕಳಿಸಬೇಕು. ಎಂಆರ್‌ಐಗೂ ಮಿತಿಗಳಿವೆ: ದುಗ್ಧಗ್ರಂಥಿಗೆ ರೋಗ ಹರಡಿದೆಯೇ ಎಂದು ಅದು ಆಗಾಗ ತಪ್ಪು ಹೇಳುತ್ತದೆ, ರೇಡಿಯೇಷನ್‌ನ ಕಲೆಯೊಳಗೆ ಅಡಗಿದ ಗಡ್ಡೆಯನ್ನು ಬೇರ್ಪಡಿಸಲು ತಿಣುಕುತ್ತದೆ. ಈ ಚಿತ್ರಗಳನ್ನು ಕಂಪ್ಯೂಟರಿಗೆ ಉಣಿಸಿ ಫಲಿತಾಂಶ ಊಹಿಸುವ ಸಂಶೋಧನೆ ಈಗ ಭರದಿಂದ ಸಾಗಿದೆ. ಕೆಟ್ಟದಾಗಿ ತೆಗೆದ ಚಿತ್ರವನ್ನು ಯಾವ ಲೆಕ್ಕಾಚಾರವೂ ಸರಿಪಡಿಸಲಾರದು.

ಉಳಿದ ಅಂಗಗಳ ಮಾತು ಚುಟುಕಾಗಿ. ಪಿತ್ತಕೋಶದ ಗಂಟನ್ನು ಸೋನೋಗ್ರಫಿ, ರಕ್ತಪರೀಕ್ಷೆಗಳು ಶಂಕಿಸಿದ ಮೇಲೆ ಪಿತ್ತನಾಳದ ನಕ್ಷೆಗೆ ಎಂಆರ್‌ಸಿಪಿ ಇದೆ. ಯಕೃತ್ತಿನ ಸಣ್ಣ ಗಂಟುಗಳನ್ನು ಎಂಆರ್‌ಐ ಸಿ.ಟಿ.ಗಿಂತ ಚೆನ್ನಾಗಿ ತೋರಿಸುತ್ತದೆ. ಅನ್ನನಾಳ, ಜಠರಗಳಿಗೆ ಎಂಡೋಸ್ಕೋಪಿಯೇ ಮುಖ್ಯ. ಅನ್ನನಾಳದ ಹೆಸರು ಬಂದ ಮೇಲೆ ಚನ್ನಗಿರಿ ಸೀಮೆಯಲ್ಲಿ ಹೇಳಲು ಕಷ್ಟವಾದ ಮಾತನ್ನೂ ಹೇಳಬೇಕು. ಹೊಗೆಸೊಪ್ಪಿಲ್ಲದ ಎಲೆ-ಅಡಿಕೆಯೂ ಬಾಯಿ ಮತ್ತು ಅನ್ನನಾಳದ ಕ್ಯಾನ್ಸರಿಗೆ ಕಾರಣ ಎಂಬುದು ಅದೇ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ತೀರ್ಮಾನ. 2004ರ ವರದಿಯಲ್ಲೇ ಅಡಿಕೆ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಮೊದಲ ದರ್ಜೆಯ ಪಟ್ಟಿ ಸೇರಿತು. ತೋಟ ಕಡಿಯಿರಿ ಎಂದು ಯಾರೂ ಹೇಳುತ್ತಿಲ್ಲ. ಜಗಿಯುವವರ ಗಂಟಲಲ್ಲಿ ಅನ್ನ ಸಿಕ್ಕಿಕೊಂಡಂತಾದರೆ ಗ್ಯಾಸ್ಟ್ರಿಕ್ ಮಾತ್ರೆಯಲ್ಲಿ ತಿಂಗಳು ಕಳೆಯುವುದು ಬೇಡ.

ಹಣದ ಭಯ ಆಸ್ಪತ್ರೆಯಿಂದ ದೂರ ಇಡುತ್ತದೆ ಎಂಬುದಕ್ಕೆ ಪುರಾವೆ ನಮ್ಮ ಪಕ್ಕದಲ್ಲೇ ಸಿಕ್ಕಿದೆ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಕಲಬುರಗಿ, ಬೆಳಗಾವಿ ವಿಭಾಗಗಳಿಗೆ ಬಂತು. ದಾವಣಗೆರೆ, ಶಿವಮೊಗ್ಗ, ಚಿತ್ರದುರ್ಗ ಜಿಲ್ಲೆಗಳು ಗಡಿಯ ಈಚೆ ಕಾಯುತ್ತಿದ್ದವು. ಗಡಿಯ ಎರಡೂ ಬದಿಯ ಹಳ್ಳಿಗಳನ್ನು ಹೋಲಿಸಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಹೃದ್ರೋಗ, ಕ್ಯಾನ್ಸರ್ ಮೊದಲಾಗಿ ಯೋಜನೆಯಡಿ ಬರುವ ಕಾಯಿಲೆಗಳಿಂದಾದ ಸಾವು ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಲ್ಲಿ ಆಚೆ ಬದಿ ಶೇ 0.32, ಈಚೆ ಬದಿ ಶೇ 0.90. ಈಗ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡು ಎಲ್ಲ ಜಿಲ್ಲೆಗೂ ಇದೆ, ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ. ಆ ಹಣ ಸರಿಯಾದ ಕ್ರಮದಲ್ಲಿ ಖರ್ಚಾಗಬೇಕು. ನಕ್ಷೆಯಿಲ್ಲದೆ ಮೊದಲು ಕತ್ತರಿ ಹಾಕಿ, ರೋಗ ಮರಳಿದ ಮೇಲೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕಳಿಸಿದರೆ ಅಲ್ಲಿನವರ ಕೈಯಲ್ಲಿ ಉಳಿಯುವುದು ಕಡಿಮೆ. ಎರಡನೇ ಶಸ್ತ್ರಚಿಕಿತ್ಸೆಗೆ ಮೊದಲನೆಯದರ ಅವಕಾಶ ಸಿಗುವುದಿಲ್ಲ.

ಹೊಸ ಯಂತ್ರ ಖರೀದಿಗೆ ಮುಂಚೆ ಆಗಬೇಕಾದ ಕೆಲಸ ಸಣ್ಣದು. ಗುದನಾಳದ ಕ್ಯಾನ್ಸರ್ ಶಸ್ತ್ರಚಿಕಿತ್ಸೆಗೆ, ಈ ಕಾರ್ಡಿನ ಯೋಜನೆ ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಪೂರ್ವಾನುಮತಿ ಕೊಡುವಾಗ ಎಂಆರ್‌ಐ ವರದಿಯಲ್ಲಿ ನಾಲ್ಕು ಸಾಲು ಕಡ್ಡಾಯ ಎನ್ನಲಿ: ಗಡ್ಡೆ ಗುದದ್ವಾರದಿಂದ ಎಷ್ಟು ಎತ್ತರದಲ್ಲಿದೆ, ಗೋಡೆ ದಾಟಿ ಎಷ್ಟು ಹೊರಬಂದಿದೆ, ಪೊರೆಗೆ ಎಷ್ಟು ಮಿಲಿಮೀಟರ್ ಉಳಿದಿದೆ, ರಕ್ತನಾಳ ಸೇರಿದೆಯೇ. ಆ ನಾಲ್ಕು ಸಾಲು ಇಲ್ಲದ ಅರ್ಜಿ ಆಸ್ಪತ್ರೆಗೆ ವಾಪಸ್ ಹೋಗಲಿ.