ಕ್ಲಾಸ್ 1 ಚೀಟಿ ಪೆಟ್ಟಿಗೆಗೆ, ಲೇಸರಿಗಲ್ಲ

ಬೆಂಗಳೂರಿನ ಕಮ್ಮನಹಳ್ಳಿ, ಲಿಂಗರಾಜಪುರದ ಕಡೆ ಗುಜರಿಗೆ ಬೀಳುವ ಹಳೇ ಡಿವಿಡಿ ಡ್ರೈವಿಗೆ ಈಗ ಉಳಿದಿರುವ ಗಿರಾಕಿ ಎಂದರೆ ಪ್ರಾಜೆಕ್ಟ್ ಹುಚ್ಚಿನ ಹುಡುಗರು. ಅವರಿಗೆ ಬೇಕಾದದ್ದು ಒಳಗಿನ ಲೇಸರ್ ಡಯೋಡ್. ಡ್ರೈವಿನ ಮೈಮೇಲೆ ‘ಕ್ಲಾಸ್ 1 ಲೇಸರ್’ ಎಂಬ ಚೀಟಿ ಇರುತ್ತದೆ. ಕ್ಲಾಸ್ 1 ಅಂದರೆ ನಿರಪಾಯ, ಬಿಚ್ಚಿದರೆ ಏನೂ ಆಗದು ಎಂದುಕೊಳ್ಳುವವರೇ ಹೆಚ್ಚು. ಆ ಅಭಯ ಮುಚ್ಚಿದ ಪೆಟ್ಟಿಗೆಗೆ ಮಾತ್ರ. ವೇಗದ ಡಿವಿಡಿ ರೈಟರಿನ ಕೆಂಪು ಡಯೋಡ್ 100 ಮಿಲಿವ್ಯಾಟ್ ದಾಟಬಲ್ಲದು. ಅದನ್ನು ಹೊರತೆಗೆದರೆ ಕೈಯಲ್ಲಿರುವುದು 3ಬಿ ವರ್ಗದ ಲೇಸರ್. ಪಾಠ ಮಾಡುವಾಗ ಬೋರ್ಡಿನತ್ತ ತೋರಿಸುವ ಪೆನ್ನಿನದು 5 ಮಿಲಿವ್ಯಾಟಿನೊಳಗೆ ಇರಬೇಕಾದ್ದು.

ಹಾಗಂತ ಯಾವ ಡ್ರೈವ್ ಬಿಚ್ಚಿದರೂ ಕಾಗದ ಸುಡುವ ಲೇಸರ್ ಸಿಗುವುದಿಲ್ಲ. ಬರೀ ಓದುವ ಡ್ರೈವಿನದು ಕೆಲವೇ ಮಿಲಿವ್ಯಾಟಿನ ಬಡಪಾಯಿ. ‘ರೈಟರ್’ ಎಂದಿರುವುದನ್ನೇ ಹುಡುಕಬೇಕು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಅಪಾಯದ ನಂಬಿಕೆ ಇದು: ‘ಬೆಳಕು ಮಂಕಾಗಿದೆ, ಶಕ್ತಿ ಕಡಿಮೆ ಇರಬೇಕು.’ ಡಿವಿಡಿ ರೈಟರಿನಲ್ಲಿ ಸಾಮಾನ್ಯವಾಗಿ ಎರಡು ಲೇಸರ್‌ಗಳಿರುತ್ತವೆ. ಡಿವಿಡಿಗೆ 650 ನ್ಯಾನೊಮೀಟರಿನ ಕೆಂಪು, ಸಿಡಿಗೆ 780ರ ಅವಕೆಂಪು. ನಮ್ಮ ಕಣ್ಣಿಗೆ ಎರಡನೆಯದು ಮೊದಲನೆಯದಕ್ಕಿಂತ ಸಾವಿರಾರು ಪಟ್ಟು ಮಂಕು. ಶಕ್ತಿ ಸಮಸಮ ಇದ್ದರೂ ಒಂದು ಕುಕ್ಕುತ್ತದೆ, ಇನ್ನೊಂದು ಆರಿಹೋಗುವ ಕೆಂಡದಂತೆ ಕಾಣುತ್ತದೆ. ಕುಕ್ಕುವ ಬೆಳಕಿಗೆ ರೆಪ್ಪೆ ಸುಮಾರು ಕಾಲು ಸೆಕೆಂಡಿನಲ್ಲಿ ಮುಚ್ಚಿಕೊಳ್ಳುತ್ತದೆ. (3ಬಿಗೆ ಆ ಕಾಲು ಸೆಕೆಂಡೂ ತಡವೇ.) ಮಂಕು ಬೆಳಕಿಗೆ ರೆಪ್ಪೆ ಮಿಟುಕುವುದೇ ಇಲ್ಲ, ‘ಇದೇನು, ಉರಿಯುತ್ತಿಲ್ಲವಲ್ಲ’ ಎಂದು ಹುಡುಗ ಇನ್ನೂ ಬಗ್ಗಿ ನೋಡುತ್ತಾನೆ. ಕಣ್ಣಿನ ಮಸೂರ ಆ ಕಿರಣವನ್ನು ಒಟ್ಟುಗೂಡಿಸಿ ಅಕ್ಷಿಪಟಲದ ಒಂದು ಚುಕ್ಕೆಯ ಮೇಲೆ ಬಿಡುತ್ತದೆ. ಅಕ್ಷಿಪಟಲಕ್ಕೆ ನೋವು ಗೊತ್ತಾಗದು, ಸುಟ್ಟ ಜಾಗ ಮರಳಿ ಬಾರದು. ಬ್ಲೂ-ರೇ ಡ್ರೈವಿನ 405 ನ್ಯಾನೊಮೀಟರಿನ ನೇರಳೆಯೂ ಇಂಥದೇ ಮೋಸಗಾರ.

ಕೂಲಿಂಗ್ ಗ್ಲಾಸ್ ಹಾಕಿಕೊಂಡರೆ ಸಾಲದೇ? ಸಾಲದು. ಅದು ಸುತ್ತಲಿನ ಬೆಳಕನ್ನು ತಗ್ಗಿಸುವುದರಿಂದ ಪಾಪೆ ಇನ್ನಷ್ಟು ಅರಳುತ್ತದೆ. ಎಷ್ಟು ನ್ಯಾನೊಮೀಟರಿಗೆ ಎಷ್ಟು ತಡೆ ಎಂದು ಬರೆದಿರುವ ಲೇಸರ್ ಕನ್ನಡಕವೇ ಬೇಕು. ಕೆಂಪಿಗೆಂದು ಕೊಂಡದ್ದು ಅವಕೆಂಪನ್ನು ತಡೆಯಲೇಬೇಕೆಂದೇನಿಲ್ಲ.

ಇನ್ನು ವೈರಿಂಗ್. ‘ಎಲ್‌ಇಡಿ ಥರವೇ, ಬ್ಯಾಟರಿಗೊಂದು ರೆಸಿಸ್ಟರ್ ಹಾಕಿದರೆ ಆಯಿತು’ ಎನ್ನುತ್ತಾರೆ. ಮಿತಿ ದಾಟಿದ ಕರೆಂಟು ಕಣ್ಣು ಮಿಟುಕುವುದರೊಳಗೆ ಡಯೋಡಿನ ಹರಳಿನ ಅಂಚನ್ನು ಸುಟ್ಟುಬಿಡುತ್ತದೆ. ಸ್ವಿಚ್ ಹಾಕಿದಾಗಿನ ಒಂದು ಜಿಗಿತ ಸಾಕು. ಆದ್ದರಿಂದ ಕರೆಂಟನ್ನು ಸ್ಥಿರವಾಗಿಡುವ ಡ್ರೈವರ್ ಸರ್ಕ್ಯೂಟ್ ಬೇಕು. ಎಸ್.ಪಿ. ರಸ್ತೆಯಲ್ಲಿ ಕೇಳಿದರೆ ಸಿಗುವ ಎಲ್‌ಎಂ317 ಐಸಿಯಿಂದಲೇ ಮಾಡಬಹುದು: 1.25 ಅನ್ನು ರೆಸಿಸ್ಟರಿನ ಓಮ್‌ನಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. 10 ಓಮ್ ಹಾಕಿದರೆ 125 ಮಿಲಿಆಂಪಿಯರ್. ಓದುವ ಡ್ರೈವಿನ ಡಯೋಡಿಗೆ ಅದೇ ವಿಷ. ಶಾಖ ಹೀರಲು ಲೋಹದ ಕವಚವೂ ಇರಲಿ. ನಮ್ಮ ಮೈಯಲ್ಲಿ ಕೂತ ಸ್ಥಿರವಿದ್ಯುತ್ತೂ ಡಯೋಡನ್ನು ಕೊಲ್ಲುತ್ತದೆ, ಅದರಲ್ಲೂ ಬೆಂಗಳೂರಿನ ಫೆಬ್ರವರಿ-ಮಾರ್ಚಿನ ಒಣಹವೆಯಲ್ಲಿ. ಬಿಚ್ಚುವ ಮೊದಲೇ ಕಾಲುಗಳನ್ನು ತೆಳು ತಂತಿಯಿಂದ ಒಟ್ಟಿಗೆ ಸುತ್ತಿಡುವುದು ಬಲ್ಲವರ ರೂಢಿ.

ಸತ್ತದ್ದು ಗೊತ್ತಾಗುವುದು ಹೇಗೆ? ‘ಉರಿಯುತ್ತಿದೆಯಲ್ಲ, ಚೆನ್ನಾಗಿದೆ’ ಎಂದು ಬೀಗುವಂತಿಲ್ಲ. ಸುಟ್ಟ ಡಯೋಡೂ ಉರಿಯುತ್ತದೆ, ಬಡ ಎಲ್‌ಇಡಿಯ ಹಾಗೆ. ಕರೆಂಟು ಏರಿಸುತ್ತಾ ಹೋದಾಗ ಒಂದು ಹಂತದಲ್ಲಿ ಬೆಳಕು ಥಟ್ಟನೆ ಜಿಗಿಯಬೇಕು. ಜಿಗಿಯದಿದ್ದರೆ ಅದು ಲೇಸರಾಗಿ ಉಳಿದಿಲ್ಲ. ಇದಕ್ಕೆ ತಿರುಗುಮುರುಗಾದ ತಪ್ಪೂ ಉಂಟು: ಡಿಸ್ಕ್ ಓದದ ಡ್ರೈವಿನಲ್ಲಿ ಲೇಸರ್ ಹೋಗಿದೆ ಎಂದು ಎಸೆಯುವುದು. ಕೆಟ್ಟಿರುವುದು ಎಷ್ಟೋ ಸಲ ಧೂಳು ಕೂತ ಲೆನ್ಸ್, ಇಲ್ಲವೇ ಟ್ರೇಯ ಸಡಿಲಾದ ಬೆಲ್ಟ್.

ಡಯೋಡ್ ಸತ್ತರೂ ಡ್ರೈವ್ ದಂಡವಲ್ಲ. ಲೆನ್ಸನ್ನು ಹಿಂದೆಮುಂದೆ ಸರಿಸುವ ಪುಟ್ಟ ಸ್ಟೆಪ್ಪರ್ ಮೋಟಾರು ಹಳಿಯ ಸಮೇತ ಹಾಗೇ ಇರುತ್ತದೆ. ಇಂಥ ಎರಡನ್ನು ಅಡ್ಡಡ್ಡ ಜೋಡಿಸಿದರೆ ಸುಮಾರು 4 ಸೆಂಟಿಮೀಟರ್ ಚೌಕದಲ್ಲಿ ಅಕ್ಷರ ಬರೆಯುವ ಯಂತ್ರವಾಗುತ್ತದೆ. ಅದಕ್ಕೆ ಲೇಸರ್ ಬೇಕಿಲ್ಲ, ಒಂದು ಜೆಲ್ ಪೆನ್ನು ಸಾಕು.